ಮಗುವಿಗೆ ಅಮ್ಮ ಇದ್ದಾಳೆ. ಆದರೂ ನಾವು ಮನೆಗೆ ಕರ್ಕೊಂಡು ಬರೋದು ಸರಿನಾ?

ಟೈಲರ್ ಅಕ್ಕ, ಕೋಲಾರ ಜಿಲ್ಲೆ:

ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 44 ವರ್ಷ. ರೈಲು ನಿಲ್ಲುವ ಒಂದು ಊರಲ್ಲಿ ಬ್ಲೌಸು, ಚೂಡಿದಾರ ಹೊಲಿಯುವ ಸಣ್ಣ ಅಂಗಡಿ ಇಟ್ಟಿದ್ದೇನೆ. ಯಜಮಾನರು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಒಬ್ಬನೇ ಮಗ, ಈ ವರ್ಷ ಬೆಂಗಳೂರಿನ ಹಾಸ್ಟೆಲ್ ಸೇರಿದ. ಈಗ ಮನೆಯಲ್ಲಿ ನಾನು, ಅವರು, ನಮ್ಮತ್ತೆ. ಸಂಜೆ ಏಳಾದ ಮೇಲೆ ಮನೆ ಬಿಕೋ ಅನ್ನುತ್ತೆ.

ಪೋಷಕತ್ವದ ವಿಷಯ ಹೇಳಿದ್ದು ಒಬ್ಬ ಅಂಗನವಾಡಿ ಟೀಚರ್, ಬ್ಲೌಸಿಗೆ ಅಳತೆ ಕೊಡಲು ಬಂದಾಗ. ಇಂಗ್ಲಿಷಲ್ಲಿ ಫಾಸ್ಟರ್ ಕೇರ್ ಅಂತಾರಲ್ಲ, ಅದೇ. ದತ್ತು ಅಲ್ಲ. ಮಗು ನಮ್ಮ ಹೆಸರಿಗೆ ಆಗುವುದಿಲ್ಲ. ಅದರ ಮನೆ ಒಂದು ದಾರಿಗೆ ಬರುವ ತನಕ ನಮ್ಮ ಮನೆಯಲ್ಲಿ ಇರುತ್ತೆ. ಆರು ವರ್ಷ ದಾಟಿದ ಮಕ್ಕಳನ್ನು ಕೊಡುತ್ತಾರೆ. ಖರ್ಚಿಗೆ ಸರ್ಕಾರ ತಿಂಗಳಿಗೆ 4,000 ರೂಪಾಯಿ ಕೊಡುತ್ತೆ. ದುಡ್ಡಿಗೋಸ್ಕರ ಅಲ್ಲ ಅಂತ ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಅರ್ಜಿ ಹಾಕಿದೆವು. ಪೊಲೀಸ್ ವೆರಿಫಿಕೇಷನ್, ಮೆಡಿಕಲ್ ಸರ್ಟಿಫಿಕೇಟ್ ಎಲ್ಲ ಆಯಿತು. ಮನೆ ನೋಡಲು ಇಬ್ಬರು ಬಂದರು. ಮಗು ಮಲಗುವ ಜಾಗ, ಬಚ್ಚಲು, ನೀರಿನ ಸಂಪಿಗೆ ಮುಚ್ಚಳ ಇದೆಯಾ ಇಲ್ಲವಾ, ಎಲ್ಲ ನೋಡಿದರು. ಕಾಫಿ ಕುಡಿಯುತ್ತಾ ಒಬ್ಬರು ದನಿ ತಗ್ಗಿಸಿ ಕೇಳಿದರು: "ಮೇಡಂ, ನಮ್ಮ ಹತ್ರ ಬರೋ ಮಕ್ಕಳು ಸ್ವಲ್ಪ ಕಪ್ಪಿರ್ತಾರೆ. ಜನಾನೂ ಬೇರೆ. ನಿಮ್ಮನೇಲಿ ನಡೆಯುತ್ತಾ?"

ಅರ್ಜಿಯಲ್ಲಿ ಎಲ್ಲೂ ಇಲ್ಲದ ಪ್ರಶ್ನೆ ಇದು. ನಾನು ಯೋಚನೆ ಕೂಡ ಮಾಡದೆ "ನಡೆಯುತ್ತೆ ಸರ್, ನಮಗೆ ಅದೆಲ್ಲ ಇಲ್ಲ" ಅಂದೆ. ಆ ರಾತ್ರಿ ನನ್ನ ಬಗ್ಗೆ ನನಗೇ ಹೆಮ್ಮೆ. ಯಜಮಾನರಿಗೆ ಹೇಳಿದೆ, "ನೋಡಿ, ಒಕ್ಕಲಿಗರ ಮನೆಯಾಗಿ ನಾವು ಅಂಥ ಮಗೂನ ತರ್ತಿದೀವಿ." ಆ "ಅಂಥ" ಅನ್ನೋದು ನನ್ನ ಬಾಯಿಂದಲೇ ಬಂತು. ಈಗ ನೆನೆಸಿಕೊಂಡರೆ ತಲೆ ತಗ್ಗಿಸುವ ಹಾಗಾಗುತ್ತೆ. ಅತ್ತೆ ಏನೂ ಅನ್ನಲಿಲ್ಲ. ಮಾರನೇ ದಿನ ಪಾತ್ರೆ ಅಂಗಡಿಯಿಂದ ಹೊಸ ತಟ್ಟೆ, ಹೊಸ ಲೋಟ ತಂದು ಕಿಟಕಿ ಪಕ್ಕ ಬೇರೆಯಾಗಿ ಇಟ್ಟರು. "ಮಗೂಗೆ ಅಂತ ತಂದೆ" ಅಂದರು. ಪ್ರೀತಿಯಿಂದ ತಂದರಾ, ಇನ್ನೊಂದಕ್ಕೆ ತಂದರಾ, ಇವತ್ತಿಗೂ ಕೇಳಿಲ್ಲ.

ಆಮೇಲೆ ಒಂದು ಮಗು ಇದೆ ಅಂದರು. ಹೆಣ್ಣು ಮಗು. ತಾಯಿ ಇದ್ದಾಳೆ. ತಂದೆ ಬಿಟ್ಟುಹೋಗಿದ್ದಾನೆ. ಮಗುವಿನ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆ ಕಡೆಯ ಜನ ಬೆಳಗ್ಗೆ ಬೆಳಗ್ಗೆ ಬೆಂಗಳೂರು ರೈಲು ಹತ್ತೋದು ನಿಮಗೆಲ್ಲ ಗೊತ್ತು. ಈ ತಾಯಿಯೂ ಹಾಗೇ. ಕತ್ತಲಿರುವಾಗಲೇ ಎದ್ದು, ಅಡುಗೆ ಮಾಡಿಟ್ಟು, ರೈಲು ಹತ್ತಿ ಹೋಗಿ ಒಂದು ದೊಡ್ಡ ಆಫೀಸಿನಲ್ಲಿ ನೆಲ ಒರೆಸುತ್ತಾಳೆ. ವಾಪಸ್ ಬರುವಾಗ ರಾತ್ರಿ ಎಂಟೂವರೆ. ಮಗು ಶಾಲೆ ಬಿಟ್ಟ ಮೇಲೆ ಒಂದಷ್ಟು ಹೊತ್ತು ಮನೆಯಲ್ಲಿ ಇರುತ್ತಿತ್ತು. ಕತ್ತಲಾದರೆ ಭಯ. ಅದಕ್ಕೆ ಸ್ಟೇಷನ್ನಿಗೆ ಹೋಗಿ, ಲೈಟಿನ ಕೆಳಗಿನ ಬೆಂಚಲ್ಲಿ ಕೂತು ಅಮ್ಮನಿಗೆ ಕಾಯುತ್ತಿತ್ತು. ಯಾರೋ ನೋಡಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಗು ಬಾಲಮಂದಿರ ಸೇರಿತು.

ಫೋನ್ ಮಾಡಿದವರನ್ನು ನಾನು ಬೈಯುವುದಿಲ್ಲ. ನಾನು ನೋಡಿದ್ದರೂ ಮಾಡುತ್ತಿದ್ದೆನೇನೋ.

ಆದರೆ ಅವತ್ತಿಂದ ನಿದ್ದೆ ಇಲ್ಲ. ಯಾಕಂದರೆ ನನ್ನ ಮಗನೂ ಒಬ್ಬನೇ ಇದ್ದ. ಮೂರನೇ ಕ್ಲಾಸಿಂದ ಆರನೇ ಕ್ಲಾಸಿನವರೆಗೆ. ಬೀಗದ ಕೈಯನ್ನು ಕೊರಳಿಗೆ ದಾರ ಕಟ್ಟಿ ಹಾಕುತ್ತಿದ್ದೆ. ಆಗ ಅತ್ತೆ ಊರಲ್ಲಿದ್ದರು. ನಾನು ಅಂಗಡಿ ಮುಚ್ಚಿ ಬರುವಾಗ ಎಂಟು. ಒಂದು ಸಲ ಹಾಲು ಕಾಯಿಸಲು ಹೋಗಿ ಪಾತ್ರೆ ಸುಟ್ಟು ಮನೆ ತುಂಬ ಹೊಗೆ. ಪಕ್ಕದ ಮನೆ ಆಂಟಿ ಓಡಿ ಬಂದು, ಗ್ಯಾಸ್ ಆಫ್ ಮಾಡಿ, ಉಪ್ಪಿಟ್ಟು ತಿನ್ನಿಸಿ, ನನಗೆ ನಾಲ್ಕು ಮಾತು ಬೈದರು. ಅಷ್ಟೇ. 1098 ಯಾರ ತಲೆಗೂ ಬರಲಿಲ್ಲ. "ನಿಮ್ಮ ಹುಡುಗ ಜಾಣ ಕಣ್ರೀ, ಒಬ್ಬನೇ ಇರ್ತಾನೆ" ಅಂತ ಬೀದಿಯವರೆಲ್ಲ ಹೊಗಳುತ್ತಿದ್ದರು. ನನ್ನ ಮಗ ಒಬ್ಬನೇ ಇದ್ದರೆ ಜಾಣ. ಆ ಮಗು ಒಬ್ಬಳೇ ಇದ್ದರೆ ದಿಕ್ಕಿಲ್ಲದವಳು.

ಇದನ್ನು ಮಗನಿಗೆ ಫೋನಲ್ಲಿ ಹೇಳಿದೆ. "ಅಮ್ಮ, ಅಮೆರಿಕದಲ್ಲೂ ಇದೇ ಗಲಾಟೆ, ಕಪ್ಪು ಜನರ ಮಕ್ಕಳನ್ನೇ ಜಾಸ್ತಿ ಕರ್ಕೊಂಡು ಹೋಗ್ತಾರಂತೆ" ಅಂದ. ನಿಜಾನಾ? ನಾನು ಆ ಮಗುವನ್ನು ತಂದರೆ ಒಳ್ಳೇದು ಮಾಡಿದ ಹಾಗಾ, ಒಬ್ಬ ತಾಯಿಯಿಂದ ಕಿತ್ತುಕೊಂಡ ಹಾಗಾ? ಬೇಡ ಅಂದರೆ ಮಗು ಬಾಲಮಂದಿರದಲ್ಲೇ ಉಳಿಯುತ್ತಲ್ಲ? ಗೊತ್ತಿರುವವರು ದಯವಿಟ್ಟು ಹೇಳಿ.

(ತಿದ್ದಿದ್ದೇನೆ: ಕೆಳಗೆ ಒಬ್ಬರು ಎಚ್ಚರಿಸಿದ ಮೇಲೆ ಊರಿನ ಹೆಸರು, ಮಗುವಿನ ವಯಸ್ಸು ತೆಗೆದಿದ್ದೇನೆ.)

ಚಿಂತಾಮಣಿಯವಳು, ಈಗ ಮಿನಿಯಾಪೊಲಿಸ್:

ಅಕ್ಕ, ನಿಮ್ಮ ಮಗ ಹೇಳಿದ್ದು ನಿಜ. ನಾನು ಇಲ್ಲಿ ಒಂದು ಶಾಲೆಯಲ್ಲಿ ಮಕ್ಕಳ ಊಟದ ಹಾಲ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ.

ಅಮೆರಿಕದ ಒಟ್ಟು ಮಕ್ಕಳಲ್ಲಿ ಕಪ್ಪು ಮಕ್ಕಳು ಶೇ 14ರ ಆಸುಪಾಸು. ಫಾಸ್ಟರ್ ಕೇರ್‌ನಲ್ಲಿ ಇರುವ ಮಕ್ಕಳನ್ನು ಎಣಿಸಿದರೆ ಶೇ 22ರ ಹತ್ತಿರ. 2017ರಲ್ಲಿ ಬಂದ ಒಂದು ಅಧ್ಯಯನ ಓದಿ ನನಗೆ ಗಾಬರಿಯಾಗಿತ್ತು. ಹದಿನೆಂಟು ತುಂಬುವುದರೊಳಗೆ ಇಲ್ಲಿನ ಮಕ್ಕಳಲ್ಲಿ ಶೇ 37ರಷ್ಟು ಮಂದಿಯ ಮನೆಗೆ ಮಕ್ಕಳ ರಕ್ಷಣೆಯವರು ತನಿಖೆಗೆ ಬಂದಿರುತ್ತಾರೆ. ಕಪ್ಪು ಮಕ್ಕಳನ್ನು ಮಾತ್ರ ತಗೊಂಡರೆ ಶೇ 53. ಅರ್ಧಕ್ಕಿಂತ ಜಾಸ್ತಿ!

ಇನ್ನೊಂದು ವಿಷಯ. ಹೊಡೆತ, ಬಡಿತ ಅಂತ ಮನೆಯಿಂದ ತೆಗೆಯುವ ಮಕ್ಕಳು ಕಡಿಮೆ. ಜಾಸ್ತಿ ಕೇಸಲ್ಲಿ ಬರೆದಿರುವ ಕಾರಣ "ನಿರ್ಲಕ್ಷ್ಯ". ಆ ಪದದೊಳಗೆ ಏನು ಬೇಕಾದರೂ ಹಿಡಿಸುತ್ತೆ. ಫ್ರಿಜ್ ಖಾಲಿ ಇದ್ದರೂ ನಿರ್ಲಕ್ಷ್ಯ, ತಾಯಿ ನೈಟ್ ಶಿಫ್ಟಿಗೆ ಹೋಗಿ ಮಗು ಒಂದೇ ಇದ್ದರೂ ನಿರ್ಲಕ್ಷ್ಯ. ನಿಮ್ಮ ಸ್ಟೇಷನ್ ಬೆಂಚಿನ ಮಗು ಇಲ್ಲಿದ್ದರೂ ಅದೇ ಪದ ಬರೆಯುತ್ತಿದ್ದರು.

ನಾನೇ ನೋಡಿದ್ದು ಹೇಳ್ತೀನಿ. ಇಲ್ಲಿ ಶಾಲೆಯವರಿಗೆ ಅನುಮಾನ ಬಂದರೆ ರಿಪೋರ್ಟ್ ಮಾಡಲೇಬೇಕು, ಅದು ಕಾನೂನು. ಒಂದು ಜನವರಿಯಲ್ಲಿ ಇಬ್ಬರು ಹುಡುಗರು ಒಂದೇ ವಾರ ಗ್ಲೌಸ್ ಇಲ್ಲದೆ ಬಂದರು. ಆ ಚಳಿ ನಿಮಗೆ ಹೇಗೆ ಹೇಳೋದೋ ಗೊತ್ತಿಲ್ಲ, ನಂದಿಬೆಟ್ಟದ ಡಿಸೆಂಬರ್ ಅದರ ಮುಂದೆ ಬೇಸಿಗೆ. ಬಿಳಿ ಹುಡುಗನ ಅಮ್ಮನಿಗೆ ಟೀಚರ್ ಮೆಸೇಜ್ ಹಾಕಿದರು, "ಇವತ್ತು ಮರೆತಿದ್ದೀರಿ ಅನ್ಸುತ್ತೆ" ಅಂತ, ಜೊತೆಗೊಂದು ನಗುಮುಖ. ಕಪ್ಪು ಹುಡುಗನದ್ದು ಫಾರಂ ತುಂಬಿದರು. ಟೀಚರ್ ಕೆಟ್ಟವರಲ್ಲ. ನನಗೂ ಆಗ ಅದು ಹೊಳೆಯಲಿಲ್ಲ. ಬಸ್ಸಲ್ಲಿ ಮನೆಗೆ ಬರುವಾಗ ಹೊಳೆಯಿತು.

ಇಲ್ಲಿನ ಮೂಲನಿವಾಸಿಗಳ ಕಥೆ ಇದಕ್ಕಿಂತ ಹಳೆಯದು. 1970ರ ದಶಕದಲ್ಲಿ ಲೆಕ್ಕ ಹಾಕಿದಾಗ ಅವರ ಮಕ್ಕಳಲ್ಲಿ ನಾಲ್ಕರಲ್ಲೊಬ್ಬರು, ಕೆಲವು ಕಡೆ ಮೂರರಲ್ಲೊಬ್ಬರು ಮನೆಯಿಂದ ದೂರ ಆಗಿದ್ದರು. ಅದಕ್ಕೇ 1978ರಲ್ಲಿ ಕಾನೂನು ಬಂತು. ಮಗುವನ್ನು ತೆಗೆಯುವ ಮುಂಚೆ ಮನೆಯನ್ನು ಸರಿಮಾಡಲು ನಿಜವಾಗಿ ಕೆಲಸ ಮಾಡಿರಬೇಕು. ಬೇರೆ ಕಡೆ ಇಡಲೇಬೇಕಾದರೆ ಮೊದಲು ನೆಂಟರು, ಆಮೇಲೆ ಅದೇ ಬುಡಕಟ್ಟಿನವರು. ಕೆಲವರು ಕೋರ್ಟಿಗೆ ಹೋದರು, 2023ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. ನಾನಿರುವ ಮಿನೆಸೋಟ ರಾಜ್ಯ 2024ರಲ್ಲಿ ಕಪ್ಪು ಮಕ್ಕಳಿಗೂ ಸುಮಾರು ಅದೇ ಥರದ ಕಾನೂನು ಮಾಡಿದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬೆಂಚಲ್ಲಿ ಮಗು ಸಿಕ್ಕಿದ ದಿನ ಆ ತಾಯಿಗೆ "ನಿನಗೇನು ಬೇಕಮ್ಮ?" ಅಂತ ಯಾರಾದರೂ ಕೇಳಿದರಾ? ಅದನ್ನು ಮೊದಲು ತಿಳ್ಕೊಳ್ಳಿ ಅಕ್ಕ.

ಸುಮ್ನೆ ಓದುಗ:

ಎಲ್ಲದಕ್ಕೂ ಜಾತಿ, ಬಣ್ಣ ತರೋದು ಈಗ ಫ್ಯಾಷನ್ ಆಗಿದೆ. ಅಮೆರಿಕ ಬೇರೆ, ಕೋಲಾರ ಬೇರೆ. ರಾತ್ರಿ ಎಂಟೂವರೆಗೆ ಹೆಣ್ಣು ಮಗು ಸ್ಟೇಷನ್ನಲ್ಲಿ ಒಂಟಿಯಾಗಿ ಕೂತಿದ್ದರೆ ಯಾವ ಜಾತಿಯಾದರೇನು? ಏನಾದರೂ ಆಗಿದ್ದರೆ ಇದೇ ಜನ "ಅಧಿಕಾರಿಗಳು ಎಲ್ಲಿದ್ದರು" ಅಂತ ಬರೆಯುತ್ತಿದ್ದರು. ಮೇಡಂ, ನಿಮ್ಮ ಮಗ ಬೀಗ ಹಾಕಿದ ಮನೆಯೊಳಗಿದ್ದ. ಅದು ಪ್ಲಾಟ್‌ಫಾರಂ. ಎರಡೂ ಒಂದೇ ಅಲ್ಲ. ಒಳ್ಳೇ ಮನಸ್ಸಿಂದ ಅರ್ಜಿ ಹಾಕಿದ್ದೀರಿ, ಮಗುವನ್ನು ತಗೊಳ್ಳಿ. ಸುಮ್ನೆ ತಲೆ ಕೆಡಿಸ್ಕೋಬೇಡಿ.

ಟೈಲರ್ ಅಕ್ಕ:

ಸರ್, ಪ್ಲಾಟ್‌ಫಾರಂ ವಿಷಯ ಒಪ್ಪುತ್ತೇನೆ. ನನಗೂ ಅದೇ ಭಯ. ಆದರೆ ನನ್ನ ಮಗನಿಗೆ ಬೀಗ ಹಾಕಲು ಒಂದು ಗಟ್ಟಿ ಬಾಗಿಲಿತ್ತು, ಪಕ್ಕದಲ್ಲಿ ಉಪ್ಪಿಟ್ಟು ಮಾಡುವ ಆಂಟಿ ಇದ್ದರು. ಆ ಮಗು ಇರುವ ಶೀಟಿನ ಮನೆಗೆ ಒಳಗಿಂದ ಚಿಲಕ ಸರಿಯಾಗಿ ಕೂರುವುದಿಲ್ಲವಂತೆ. ನಾವಿರುವ ಬೀದಿಯಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜಾತಿಯನ್ನು ನಾನು ತಂದಿದ್ದಲ್ಲ ಸರ್, ಅದು ಮೊದಲೇ ಅಲ್ಲಿ ಕೂತಿತ್ತು.

ಕರಿಕೋಟು:

ಮೊದಲ ಕೆಲಸ: ನಿಮ್ಮ ಪೋಸ್ಟಿನಿಂದ ಊರಿನ ಹೆಸರು, ಮಗುವಿನ ವಯಸ್ಸು ತೆಗೆಯಿರಿ. ಇಂಥ ಮಗುವಿನ ಗುರುತು ಸಿಗುವಂತೆ ಬರೆಯುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಬೇಜಾರಾಗಬೇಡಿ, ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಚಿಕ್ಕಬಳ್ಳಾಪುರ, ಕೋಲಾರ ಎರಡೂ ಕಡೆ ವಕೀಲಿಕೆ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಕಾನೂನು ನೀವು ಅಂದುಕೊಂಡಿದ್ದಕ್ಕಿಂತ ಆ ತಾಯಿಯ ಕಡೆಗಿದೆ. 2015ರ ಆ ಬಾಲನ್ಯಾಯ ಕಾಯ್ದೆಯ ಮೂರನೇ ಸೆಕ್ಷನ್ನಲ್ಲೇ ಬರೆದಿದೆ: ಮಗುವಿನ ಮೊದಲ ಹೊಣೆ ಅದರ ಕುಟುಂಬದ್ದು, ಸಂಸ್ಥೆಯಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ. ಆದರೆ ಅದೇ ಕಾಯ್ದೆ ರಕ್ಷಣೆ ಬೇಕಾದ ಮಗು ಯಾರು ಅಂತ ಹೇಳುವಾಗ, ಮನೆಯಿಲ್ಲದೆ, ಜೀವನಕ್ಕೆ ದಾರಿ ಕಾಣದೆ ಇರುವ ಮಗು ಅನ್ನುತ್ತೆ. ಅಂದರೆ ಬಡತನದ ವಿವರಣೆಯೇ. ಆ ವಾಕ್ಯ ಹಿಡಿದು ನೋಡುತ್ತಾ ಹೋದರೆ ಯಾವ ಬೀದಿಯ ಮಕ್ಕಳು ಕಣ್ಣಿಗೆ ಬೀಳುತ್ತಾರೆ? 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನರಲ್ಲಿ ಶೇ 30ರಷ್ಟು ಪರಿಶಿಷ್ಟ ಜಾತಿಯವರು. ನಾನು ಹೋದ ಕೇಸುಗಳಲ್ಲಿ ಮಗುವಿನ ಬೆನ್ನಿಗೆ ಬಂದು ನಿಂತ ತಾಯಂದಿರಲ್ಲಿ ಪರಿಶಿಷ್ಟ ಜಾತಿಯವರನ್ನು ಎಣಿಸಿದರೆ ಆ ಶೇ 30 ಎಲ್ಲೋ ಹಿಂದೆ ಉಳಿಯುತ್ತೆ. ಅದು ಸರ್ಕಾರದ ಲೆಕ್ಕ ಅಲ್ಲ, ನನ್ನ ಕಣ್ಣಿನ ಲೆಕ್ಕ.

ಈಗ ಆ 4,000 ರೂಪಾಯಿ. ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರದ ಮಕ್ಕಳ ಯೋಜನೆಯಲ್ಲಿ ಅದು ಪೋಷಕತ್ವಕ್ಕೆ ಮಾತ್ರ ಅಲ್ಲ. ಪ್ರಾಯೋಜಕತ್ವ ಅಂತ ಇನ್ನೊಂದಿದೆ. ಗಂಡ ಬಿಟ್ಟುಹೋದ ತಾಯಿ, ವಿಧವೆ, ಇಂಥವರ ಮಗು ಸ್ವಂತ ಮನೆಯಲ್ಲೇ ಉಳಿಯಲಿ ಅಂತ ಅವರಿಗೇ ಕೊಡುವ ದುಡ್ಡು. ಅದೂ ತಿಂಗಳಿಗೆ 4,000. ಮಗು ನಿಮ್ಮ ಮನೆಯಲ್ಲಿದ್ದರೆ ನಿಮಗೆ, ತಾಯಿ ಹತ್ತಿರ ಇದ್ದರೆ ತಾಯಿಗೆ. ಒಂದು ತೊಡಕಿದೆ. ತಾಯಿಗೆ ಸಿಗಬೇಕಾದರೆ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ದಾಟಬಾರದು. 96,000 ಅಂದರೆ ತಿಂಗಳಿಗೆ 8,000. ಬೆಂಗಳೂರಿಗೆ ರೈಲಲ್ಲಿ ಹೋಗಿ ಬಂದು ದುಡಿಯುವ ಹೆಂಗಸಿಗೆ ಅದು ದಾಟಿಯೇ ದಾಟುತ್ತೆ. ಕೆಲಸ ಬಿಟ್ಟರೆ 4,000 ಸಿಗುತ್ತೆ, ಕೆಲಸಕ್ಕೆ ಹೋದರೆ ಮಗು ಒಂಟಿ. ಇದನ್ನು ಯಾರು ಬರೆದರೋ, ಅವರನ್ನೊಂದು ದಿನ ಆ ಬೆಳಗಿನ ರೈಲು ಹತ್ತಿಸಬೇಕು.

ಆದರೆ ದಾರಿ ಅಷ್ಟೇ ಅಲ್ಲ. ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ತಾಯಿಗೇ ವಾಪಸ್ ಕೊಟ್ಟು, ಆಗಾಗ ಹೋಗಿ ನೋಡಿ ಬರುವ ಏರ್ಪಾಟು ಮಾಡಬಹುದು. ಅದಕ್ಕೆ ಅವರಿಗೆ ಬೇಕಾಗಿರುವುದು ಒಂದೇ ಉತ್ತರ: ಶಾಲೆ ಬಿಟ್ಟ ಮೇಲೆ ರೈಲು ಬರುವ ತನಕ ಮಗು ಎಲ್ಲಿರುತ್ತೆ? ಪಂಚಾಯಿತಿಯ ಶಿಶುಪಾಲನಾ ಕೇಂದ್ರಗಳಾದ ಕೂಸಿನ ಮನೆಗಳು ಪುಟ್ಟ ಮಕ್ಕಳಿಗೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ ಆರನೇ ತರಗತಿಯಿಂದ. ನಡುವಿನ ವಯಸ್ಸಿನ ಮಕ್ಕಳಿಗೆ ಸಂಜೆ ಹೊತ್ತು ಏನೂ ಇಲ್ಲ. ಮೇಡಂ, ಆ ಮಗುವಿಗೆ ಬೇಕಾಗಿರುವುದು ಹೊಸ ಅಪ್ಪ ಅಮ್ಮನಾ, ಸಂಜೆಯ ನಾಲ್ಕು ಗಂಟೆ ಹೊತ್ತು ಇರಲು ಒಂದು ಜಾಗವಾ?

ಪೋಷಕತ್ವಕ್ಕೆ ಕೊಟ್ಟರೂ ತಾಯಿ ಬಂದು ನೋಡಬಹುದು, ಮುಂದೆ ಮಗು ಅವಳ ಹತ್ತಿರ ವಾಪಸ್ ಹೋಗಬಹುದು. ಆ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ವಕೀಲರ ಫೀಸು ಬೇಕಾಗಿಲ್ಲ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತೆ. ಇದನ್ನು ಆ ತಾಯಿಗೆ ಯಾರೂ ಹೇಳಿರುವುದಿಲ್ಲ ಅಂತ ನಾನು ಪಂಥ ಕಟ್ಟುತ್ತೇನೆ.

ಶಿರಾ ಗೇಟ್, ತುಮಕೂರು:

ನಾನು ಆಟೋ ಓಡಿಸ್ತೀನಿ. ಹಾಸ್ಟೆಲಲ್ಲಿ ಬೆಳೆದವನು. ಜಾಸ್ತಿ ಬರೆಯೋಕೆ ಬರಲ್ಲ.

ಅಕ್ಕ, ಆ ತಟ್ಟೆ ವಿಷಯ. ನಾನು ಏಳನೇ ಕ್ಲಾಸಲ್ಲಿದ್ದಾಗ ತುಮಕೂರಿನ ಒಂದು ದೊಡ್ಡ ಮನೆಯವರು ದಸರಾ ರಜಕ್ಕೆ ನನ್ನನ್ನು ಕರ್ಕೊಂಡು ಹೋಗಿದ್ದರು. ಒಳ್ಳೇ ಜನ. ಹೊಸ ಬಟ್ಟೆ ಕೊಡಿಸಿದರು. ಗೊಂಬೆ ಕೂರಿಸಿದ್ದರು, ದಿನಾ ಒಂದು ಥರ ಗುಗ್ಗರಿ. ಆದರೆ ನನಗೆ ಬೇರೆ ತಟ್ಟೆ. ಅದಕ್ಕೊಂದು ಹೂವಿನ ಚಿತ್ರ ಇತ್ತು, ಅವರ ಮಕ್ಕಳ ತಟ್ಟೆಗಿಂತ ಚೆಂದ ಇತ್ತು. ಮೂರು ದಿನ ಖುಷಿಯಾಗಿದ್ದೆ. ನಾಲ್ಕನೇ ದಿನ ಅದನ್ನು ಹಿತ್ತಲಲ್ಲಿ ನಾನೇ ತೊಳೆದು ಅಲ್ಲೇ ಕಟ್ಟೆ ಮೇಲೆ ಇಡಬೇಕು ಅಂತ ಗೊತ್ತಾಯಿತು. ಇವತ್ತಿಗೂ ನನಗೆ ಗುಗ್ಗರಿ ಸೇರಲ್ಲ.

ನನ್ನ ಫ್ರೆಂಡ್ ಒಬ್ಬ ಸಿದ್ಧಗಂಗಾ ಮಠದಲ್ಲಿ ಓದಿದವನು. ಸಾವಿರಾರು ಹುಡುಗರು ಸಾಲಾಗಿ ಕೂತು ಉಣ್ಣೋ ಜಾಗ ಅದು. ಯಾರ ತಟ್ಟೆ ಯಾವುದು ಅಂತ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ ಅಂತಾನೆ. ಮನೆ ಅನ್ನೋದೇ ಯಾವಾಗಲೂ ಹಾಸ್ಟೆಲಿಗಿಂತ ಮೇಲು ಅಂದ್ಕೋಬೇಡಿ.

ಇನ್ನೊಂದು. ಮಗು ಮನೆಗೆ ಬಂದರೆ ಹೆಸರು ಬದಲಾಯಿಸಬೇಡಿ, ಪ್ರೀತಿಗೆ ಅಂತಲೂ ಬೇಡ. ತಮಿಳು ಮಾತಾಡುತ್ತಿದ್ದರೆ ಮಾತಾಡಲಿ. ನಾನು ನಮ್ಮಮ್ಮನ ಮಾತು ಮರೆತಿದ್ದೆ. ವರ್ಷಕ್ಕೊಂದು ಸಲ ಬರೋಳು. ಎದುರಿಗೆ ಕೂತು ಇಬ್ಬರೂ ಸುಮ್ನೆ ನಗ್ತಿದ್ವಿ, ಅಷ್ಟೇ.

ಸುಮ್ನೆ ಓದುಗ:

ಆಟೋ ಅಣ್ಣ, ಓದಿ ಏನು ಹೇಳಬೇಕೋ ಗೊತ್ತಾಗಲಿಲ್ಲ. ವಕೀಲರೇ, ಸಂಜೆಯ ನಾಲ್ಕು ಗಂಟೆ ಅಂದಿದ್ದು ಸರಿ. ನನ್ನ ಮಿಕ್ಕ ಮಾತು ನಾನು ವಾಪಸ್ ತಗೊಳ್ಳಲ್ಲ. ಬೆಂಚಿಂದ ಎಬ್ಬಿಸಿದ್ದು ಒಳ್ಳೇದೇ ಆಯಿತು.

ಟೈಲರ್ ಅಕ್ಕ, ಎರಡು ವಾರದ ನಂತರ:

ಉತ್ತರ ಬರೆಯಲು ತಡವಾಯಿತು. ಮದುವೆ ಸೀಸನ್, ಅಂಗಡಿ ತುಂಬ ಬ್ಲೌಸು.

ಆ ತಾಯಿಯನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅವಳೇ ಬಂದಳು. ನಮ್ಮದು ದೊಡ್ಡ ಊರೇನಲ್ಲ. ಭಾನುವಾರ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತಳು. ಯಾವುದೋ ಬಟ್ಟೆ ಕೊಡಲು ಬಂದಿದ್ದಾಳೆ ಅಂದುಕೊಂಡೆ. "ನನ್ನ ಮಗು ಬೇಕು ಅಂತ ಬರೆದುಕೊಟ್ಟಿರೋದು ನೀವೇನಾ?" ಅಂದಳು. ಜಗಳಕ್ಕೆ ಬಂದವಳ ದನಿ ಅಲ್ಲ ಅದು. ಸ್ಟೂಲ್ ಹಾಕಿದೆ, ಕೂರಲಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವಳಿರಬೇಕು. ಕೈ ಮಾತ್ರ ನನ್ನ ಕೈಗಿಂತ ಹಳೆಯದು, ಫಿನಾಯಿಲಿಗೆ ಬೆರಳ ತುದಿಯೆಲ್ಲ ಬಿಳಿಚಿಕೊಂಡು ಸುಲಿದಿದೆ.

ನಾನು ಏನೇನೋ ಹೇಳಿದೆ. ನನ್ನ ಮಗನ ಬೀಗದ ಕೈ ಕಥೆಯನ್ನೂ ಹೇಳಿದೆ. ಅದನ್ನು ಕೇಳಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. "ನಿಮ್ಮನ್ನ ಯಾರೂ ಕೇಳಲಿಲ್ವಾ?" ಅಂದಳು. ಇಲ್ಲ ಅಂದೆ.

ಸಂಬಳ 11,500 ಅಂತೆ. ವಕೀಲರು ಹೇಳಿದ ಮಿತಿ ದಾಟಿದೆ. ಉಚಿತ ವಕೀಲರ ವಿಷಯ ಅವಳಿಗೆ ಗೊತ್ತಿರಲಿಲ್ಲ, ಪಂಥ ನೀವೇ ಗೆದ್ದಿರಿ ಸರ್. ವಿಚಾರಣೆಗೆ ಎರಡು ಸಲ ಹೋಗಿದ್ದಾಳೆ, ಎರಡು ಸಲವೂ ರಜ ಹಾಕಿದ್ದಕ್ಕೆ ಸಂಬಳ ಕಟ್ಟಾಗಿದೆ. ಮೂರನೇ ಸಲ ಹೋಗಲಿಲ್ಲ. "ತಾಯಿಗೆ ಆಸಕ್ತಿ ಇಲ್ಲ ಅಂತ ಬರೆದುಬಿಟ್ಟಿದ್ದಾರಾ ಅಕ್ಕ?" ಅಂತ ನನ್ನನ್ನೇ ಕೇಳಿದಳು. ಅಷ್ಟು ಹೊತ್ತಿಗೆ ಅಕ್ಕ ಅನ್ನುತ್ತಿದ್ದಳು.

ಅರ್ಜಿ ವಾಪಸ್ ತಗೊಂಡಿಲ್ಲ. ತಗೊಂಡರೆ ನನ್ನ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ ಅಂತ ಯಜಮಾನರು ಹೇಳಿದ್ದು ಸರಿ ಅನ್ನಿಸಿತು. ಅದರ ಜೊತೆಗೆ ಇನ್ನೊಂದು ಪತ್ರ ಬರೆದಿದ್ದೇನೆ. ಶಾಲೆ ಬಿಟ್ಟ ಮೇಲೆ ಮಗು ನನ್ನ ಅಂಗಡಿಯಲ್ಲಿ ಇರುತ್ತೆ, ರೈಲು ಬಂದ ಮೇಲೆ ತಾಯಿ ಕರ್ಕೊಂಡು ಹೋಗುತ್ತಾಳೆ, ನನ್ನ ಮನೆಯನ್ನು ಹೇಗೂ ನೋಡಿದ್ದೀರಿ, ಅಂಗಡಿಯನ್ನೂ ಬಂದು ನೋಡಿ ಅಂತ. ಕಾನೂನು ಸೇವೆಯಿಂದ ಸಿಕ್ಕ ವಕೀಲಮ್ಮ ಅದನ್ನು ಸರಿಯಾದ ಭಾಷೆಯಲ್ಲಿ ಟೈಪ್ ಮಾಡಿಸಿದ್ದಾರೆ. ಗುರುವಾರ ವಿಚಾರಣೆ. ಅವತ್ತು ನಾನೂ ಅಂಗಡಿ ಮುಚ್ಚಿ ಹೋಗುತ್ತಿದ್ದೇನೆ.

ಅವತ್ತು ಹೊರಡುವಾಗ ಅವಳು ಕೇಳಿದಳು, "ಅಂಗಡಿ ಎಷ್ಟೊತ್ತಿಗೆ ಮುಚ್ತೀರ?" ಎಂಟಕ್ಕೆ ಅಂದೆ. "ನನ್ನ ಟ್ರೈನು ಎಂಟೂವರೆ. ಕೆಲವು ದಿನ ಒಂಬತ್ತೂ ಆಗುತ್ತೆ." ಆಗಲಿ ಅಂದೆ.

ರಾತ್ರಿ ಅತ್ತೆಗೆ ಎಲ್ಲ ಹೇಳಿದೆ. ಮಗು ಸಂಜೆ ಹೊತ್ತು ಏನು ತಿನ್ನುತ್ತೆ ಅಂತ ಕೇಳಿದರು. ನಾವು ತಿನ್ನೋದನ್ನೇ, ನಮ್ಮ ತಟ್ಟೇಲೇ ಅಂದೆ. ಅವರು ಮಾತಾಡಲಿಲ್ಲ. ಹೊಸ ತಟ್ಟೆ ಇನ್ನೂ ಕಿಟಕಿ ಪಕ್ಕದಲ್ಲೇ ಇದೆ.